ಗೆಳೆಯನಿಗೊಂದು ಪತ್ರ: ಝೆಪ್ಪೆಲಿನ್ ಪರ ವಾದಿಸುವುದಿದ್ದರೆ ಬಾನಮ್ ಹೆಸರು ಹೇಳು

ಪ್ರಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಇಂಗ್ಲೆಂಡಿನ ರಾಕ್ ಬ್ಯಾಂಡು ಲೆಡ್ ಝೆಪ್ಪೆಲಿನ್ ಇಲ್ಲದಿದ್ದರೆ ಇವತ್ತಿನ ಸಂಗೀತವೇ ಇಲ್ಲ, ಉಳಿದದ್ದೆಲ್ಲ ಬರೀ ಮಾತು ಅಂತ ಒಂದೇ ಏಟಿಗೆ ತೀರ್ಪು ಕೊಟ್ಟು ಮಲಗಿಬಿಟ್ಟಿದ್ದೀಯ. ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೆ ಉತ್ತರ ಬರೆಯೋಕೆ ಹೋದರೆ ಹೆಬ್ಬೆರಳು ಸವೆದುಹೋಗುತ್ತೆ, ಅದಕ್ಕೇ ಈ ಪತ್ರ. ನಮ್ಮ ಹಾಗೇ ಈ ವಿಷಯಕ್ಕೆ ಕಚ್ಚಾಡುವವರು ಇನ್ನೂ ನಾಲ್ಕು ಜನ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ಮೊದಲು ಒಂದು ಮಾತು ಇತ್ಯರ್ಥ ಆಗಲಿ. ಯಾವ ಬ್ಯಾಂಡು ದೊಡ್ಡದು ಅನ್ನುವುದು ಒಂದು ಜಗಳ, ಯಾವ ಬ್ಯಾಂಡಿನ ಪ್ರಭಾವ ದೊಡ್ಡದು ಅನ್ನುವುದು ಇನ್ನೊಂದು. ನೀನು ಮೊದಲನೆಯದಕ್ಕೆ ಸಾಕ್ಷಿ ಹೇಳಿ ಎರಡನೆಯದರಲ್ಲಿ ಗೆದ್ದೆ ಅನ್ನುತ್ತೀಯ. ನನ್ನ ಅಳತೆ ಸರಳ. ಆ ಬ್ಯಾಂಡಿನ ಹೆಸರೇ ಕೇಳದ ಹುಡುಗಿಯೊಬ್ಬಳು ಇವತ್ತು ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಕಟ್ಟುವಾಗ, ತನಗೇ ಗೊತ್ತಿಲ್ಲದೆ ಆ ಬ್ಯಾಂಡು ಮಾಡಿದ್ದನ್ನೇ ಮಾಡುತ್ತಿದ್ದರೆ, ಅದು ಪ್ರಭಾವ. ಎಷ್ಟು ರೆಕಾರ್ಡು ಮಾರಾಟವಾಯಿತು, ಎಷ್ಟು ಜನ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಾರೆ ಅನ್ನುವುದೆಲ್ಲ ವ್ಯಾಪಾರದ ಲೆಕ್ಕ.

ಈ ಅಳತೆ ಹಿಡಿದರೆ ಮೊದಲ ಸ್ಥಾನಕ್ಕೆ ಬೀಟಲ್ಸ್ ಬಿಟ್ಟು ಬೇರೆ ಯಾರೂ ಬರುವುದಿಲ್ಲ. ಗೊತ್ತು, 'ಥೂ, ಇದನ್ನು ಹೇಳೋಕೆ ಇಷ್ಟುದ್ದದ ಪತ್ರ ಬೇಕಿತ್ತಾ' ಅಂತೀಯ. ಆದರೆ ಎಲ್ಲರೂ ಕೊಡುವ ಕಾರಣ ನಾನು ಕೊಡುತ್ತಿಲ್ಲ. 1964ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿಯ ಎಡ್ ಸಲಿವನ್ ಶೋನಲ್ಲಿ ಅವರನ್ನು ಸುಮಾರು 7.3 ಕೋಟಿ ಅಮೆರಿಕನ್ನರು ನೋಡಿದ್ದು, ಏಪ್ರಿಲ್‌ನಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಹಾಡುಗಳು ಅವರದ್ದೇ ಆಗಿದ್ದು, ಹುಡುಗಿಯರು ಕಿರುಚಿ ಮೂರ್ಛೆ ಹೋಗಿದ್ದು, ಇದೆಲ್ಲ ಬರೀ ಜನಪ್ರಿಯತೆ. ನನ್ನ ಬೀಟಲ್ಸ್ ಶುರುವಾಗುವುದು 1966ರ ಏಪ್ರಿಲ್ 6ರಂದು, ಲಂಡನ್ನಿನ ಅಬ್ಬೆ ರೋಡ್‌ನಲ್ಲಿರುವ, ಇಎಂಐ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ.

ಅವತ್ತು ಶುರು ಮಾಡಿದ ಹಾಡು 'ಟುಮಾರೋ ನೆವರ್ ನೋಸ್'. ಪರ್ವತದ ತುದಿಯಲ್ಲಿ ನಿಂತು ದಲೈ ಲಾಮಾ ಮಂತ್ರ ಹೇಳಿದ ಹಾಗೆ ತನ್ನ ದನಿ ಕೇಳಬೇಕು ಅಂತ ಹಾಡುಗಾರ ಜಾನ್ ಲೆನನ್‌ಗೆ ಆಸೆ. ಅವತ್ತಿನ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಬರೀ 20 ವರ್ಷ. ಅವನು ಹ್ಯಾಮಂಡ್ ಆರ್ಗನ್‌ಗೆ ಜೋಡಿಸುವ, ಒಳಗೆ ಗಿರಗಿರ ತಿರುಗುವ ಲೆಸ್ಲಿ ಸ್ಪೀಕರಿನೊಳಗೆ ಲೆನನ್ ದನಿ ಹಾಯಿಸಿಬಿಟ್ಟ. ಡ್ರಮ್ಮರ್ ರಿಂಗೋನ ಬೇಸ್ ಡ್ರಮ್ಮಿನೊಳಗೆ ಒಂದು ಉಣ್ಣೆ ಸ್ವೆಟರ್ ತುರುಕಿದ. ಮೈಕು ಡ್ರಮ್ಮಿಗೆ ಇಷ್ಟು ದೂರದಲ್ಲೇ ಇರಬೇಕು ಅಂತ ಇಎಂಐನವರ ಕಟ್ಟಳೆ ಇತ್ತು. ಅದನ್ನು ಮುರಿದು ಮೈಕನ್ನು ಡ್ರಮ್ಮಿನ ಮೂಗಿಗೇ ತಂದಿಟ್ಟ. ಇನ್ನು ಟೇಪಿನ ತುಂಡುಗಳ ಎರಡು ತುದಿ ಅಂಟಿಸಿ ಮಾಡಿದ ಉಂಗುರಗಳು, ಅಂದರೆ ಲೂಪ್‌ಗಳು. ಅವು ಬೇರೆ ಬೇರೆ ಯಂತ್ರಗಳ ಮೇಲೆ ಒಂದೇ ಸಮನೆ ಸುತ್ತುತ್ತಿವೆ, ಟೇಪು ಸಡಿಲವಾಗದಂತೆ ಸ್ಟುಡಿಯೋದ ನೌಕರರು ಪೆನ್ಸಿಲ್ಲಿಗೆ ಸುತ್ತಿ ಹಿಡಿದುಕೊಂಡು ನಿಂತಿದ್ದಾರೆ, ಕನ್ಸೋಲ್ ಮುಂದೆ ಕೂತವರು ಒಂದೊಂದು ಗುಂಡಿ ಏರಿಸಿ ಇಳಿಸಿ ಬೇಕಾದ ಸದ್ದನ್ನು ಬೇಕಾದಾಗ ಹಾಡಿನೊಳಗೆ ಬಿಡುತ್ತಿದ್ದಾರೆ. ಕೆಳಗೆ ಉದ್ದಕ್ಕೂ ತಂಬೂರಿ. ಒಂದೇ ಶ್ರುತಿಯ ಮೇಲೆ ಇಡೀ ಹಾಡು ನಿಲ್ಲಬಹುದು ಅನ್ನುವುದು ನಮಗೇನು ಹೊಸದಲ್ಲ, ಆದರೆ ಲಂಡನ್ನಿನ ಪಾಪ್ ರೆಕಾರ್ಡಿಗೆ ಹೊಸದು.

ಈಗ ಹೇಳು, ಇವತ್ತಿನ ಆ ಲ್ಯಾಪ್‌ಟಾಪ್ ಹುಡುಗಿ ಮಾಡುವುದೇನು? ಲೂಪ್ ಹಾಕುತ್ತಾಳೆ, ದನಿಯನ್ನು ಯಾವುದೋ ಯಂತ್ರದ ಮೂಲಕ ಹಾಯಿಸಿ ತಿರುಚುತ್ತಾಳೆ, ಅದನ್ನೇ ಎರಡು ಪದರ ಮಾಡುತ್ತಾಳೆ. ಎರಡು ಪದರದ್ದೂ ಅದೇ ವರ್ಷದ ಕಥೆ. ಒಂದೇ ಹಾಡನ್ನು ಎರಡೆರಡು ಸಲ ಒಂದೇ ಥರ ಹಾಡೋದಕ್ಕೆ ಲೆನನ್‌ಗೆ ಸೋಮಾರಿತನ, ಅದಕ್ಕೇ ಕೆನ್ ಟೌನ್‌ಸೆಂಡ್ ಅನ್ನುವ ಸ್ಟುಡಿಯೋ ತಂತ್ರಜ್ಞ ಯಂತ್ರವೇ ಎರಡನೇ ದನಿ ಹುಟ್ಟಿಸುವ ಉಪಾಯ ಕಂಡುಹಿಡಿದ. ಅಷ್ಟೆಲ್ಲ ಆದ ಮೇಲೆ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ನುಡಿಸಿ, ಟೂರಿಂಗ್‌ಗೆ ಕೈಮುಗಿದು, ಸ್ಟುಡಿಯೋ ಸೇರಿಕೊಂಡರು. ಅಲ್ಲಿಯವರೆಗೆ ರೆಕಾರ್ಡು ಅಂದರೆ ವೇದಿಕೆಯಲ್ಲಿ ನುಡಿಸಿದ್ದರ ಫೋಟೋ. ಆಮೇಲೆ ರೆಕಾರ್ಡೇ ಮೂಲ, ವೇದಿಕೆಯ ಮೇಲಿನದ್ದು ಅದರ ನಕಲು.

ಲೆಸ್ ಪಾಲ್ 1951ರಲ್ಲೇ ಪದರ ಪದರವಾಗಿ ಗಿಟಾರ್ ಕಟ್ಟಿದ್ದ, ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಅದೇ 1966ರ ಮೇ ತಿಂಗಳಲ್ಲಿ ಸ್ಟುಡಿಯೋದಲ್ಲೇ ಕಟ್ಟಿದ 'ಪೆಟ್ ಸೌಂಡ್ಸ್' ಆಲ್ಬಮ್ ಹೊರತಂದ ಅಂತ ನೀನು ಎದುರು ಹೇಳುತ್ತೀಯ. ಸರಿ, ಹೌದು. ಬೀಟಲ್ಸ್ ಮಾಡಿದ್ದನ್ನು ಅವರಿಗಿಂತ ಮೊದಲೇ ಒಬ್ಬೊಬ್ಬರು ಒಂದೊಂದು ತುಣುಕು ಮಾಡಿದ್ದಾರೆ. ಆದರೆ ಲೋಕದ ಅತಿ ದೊಡ್ಡ ಬ್ಯಾಂಡು ಅದನ್ನು ಮಾಡಿ, ಜನ ಅದನ್ನು ಮುಗಿಬಿದ್ದು ಕೊಂಡ ಮೇಲೆಯೇ ಉಳಿದ ಕಂಪನಿಗಳು ತಮ್ಮ ಹುಡುಗರಿಗೂ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂರಲು ದುಡ್ಡು ಬಿಚ್ಚಿದ್ದು.

ಎರಡನೇ ಸ್ಥಾನಕ್ಕೆ ನನ್ನ ಆಯ್ಕೆ ಬ್ಲ್ಯಾಕ್ ಸಬ್ಬತ್. ಇಲ್ಲಿಯೇ ನಿನಗೆ ಉರಿ ಹತ್ತುವುದು. ಹತ್ತಲಿ.

ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಅವರ ಗಿಟಾರ್ ವಾದಕ ಟೋನಿ ಅಯೋಮಿಯ ಬಲಗೈ ಎರಡು ಬೆರಳ ತುದಿ ಕತ್ತರಿಸಿಹೋದಾಗ ಅವನಿಗೆ 17. ಅದೂ ಕೆಲಸದ ಕೊನೆಯ ದಿನ. ಎಡಗೈಯಲ್ಲಿ ಮೀಟುವವನು, ಹಾಗಾಗಿ ತಂತಿ ಒತ್ತಬೇಕಾದ್ದು ಅದೇ ಬಲಗೈ. ಬೆಂಕಿಯಲ್ಲಿ ಕೈ ಸುಟ್ಟುಕೊಂಡೂ ಗಿಟಾರ್ ಬಿಡದ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡೊಂದನ್ನು ಕಾರ್ಖಾನೆಯ ಮೇಲ್ವಿಚಾರಕ ತಂದು ಕೇಳಿಸಿದ. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಅದರ ಮೇಲೆ ಚರ್ಮ ಅಂಟಿಸಿಕೊಂಡ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. 1971ರ ಹೊತ್ತಿಗೆ ತಂತಿಯ ಬಿಗಿ ಇನ್ನೂ ಸಡಿಲಿಸಿ, ಗಿಟಾರಿನ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿಬಿಟ್ಟ. ಆ ಜೋತುಬಿದ್ದ, ಭಾರವಾದ, ನೆಲದೊಳಗಿಂದ ಎದ್ದು ಬಂದಂಥ ಸದ್ದಿದೆಯಲ್ಲ, ಹೆವಿ ಮೆಟಲ್ ಅನ್ನುವ ವಂಶವೇ ಅದರಿಂದ ಹುಟ್ಟಿತು. ಮೊದಲ ಆಲ್ಬಮ್ಮನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದರು. ಅದು ಬಿಡುಗಡೆಯಾಗಿದ್ದು 1970ರ ಫೆಬ್ರವರಿ 13, ಶುಕ್ರವಾರ.

ಆ ಆಲ್ಬಮ್ಮಿನ ಮೊದಲ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಬರೀ ಮೂರು ಸ್ವರ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಯುರೋಪಿನವರು ಹಿಂದೆ 'ಸಂಗೀತದೊಳಗಿನ ಸೈತಾನ' ಅಂತ ಕರೆದಿದ್ದು ಈ ಅಂತರವನ್ನೇ. ಕಲ್ಯಾಣಿ ಕೇಳಿಕೊಂಡು ಬೆಳೆದ ನಮ್ಮ ಕಿವಿಗೆ ಪ್ರತಿಮಧ್ಯಮದಲ್ಲಿ ಯಾವ ದೆವ್ವವೂ ಕಾಣುವುದಿಲ್ಲ. ಮೇಳಕರ್ತದ 72 ರಾಗಗಳಲ್ಲಿ ಅರ್ಧಕ್ಕೆ ಅರ್ಧ ಅದರ ಮೇಲೇ ನಿಂತಿವೆ. ಆದರೂ ಸಬ್ಬತ್ ಅದನ್ನು ನಿಧಾನಕ್ಕೆ, ಎಳೆದೆಳೆದು ಬಾರಿಸಿದರೆ ಬೆನ್ನುಹುರಿ ತಣ್ಣಗಾಗುತ್ತೆ. ಸ್ವರ ಅದೇ, ನಡೆ ಬೇರೆ.

ಪಾಪ್ ಸಂಗೀತಕ್ಕೂ ಮೆಟಲ್‌ಗೂ ಏನಪ್ಪಾ ಸಂಬಂಧ ಅಂತ ಕೇಳುವೆ. ಬೆಂಗಳೂರಿನವನಾಗಿ ಹಾಗೆ ಕೇಳಬಾರದು. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ನಮ್ಮ ಕಾಲೇಜು ಫೆಸ್ಟುಗಳಲ್ಲಿ ಕೂದಲು ಬಿಟ್ಟು ತಲೆ ಕೊಡವಿದ ಹುಡುಗರು ಯಾರ ವಂಶದವರು, ನೀನೇ ಹೇಳು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್ ಕೊನೆಯ ಸಲ ನುಡಿಸಿದಾಗ ಮೆಟಾಲಿಕಾ, ಸ್ಲೇಯರ್, ಪ್ಯಾಂಟೆರಾ, ಟೂಲ್, ಗನ್ಸ್ ಎನ್ ರೋಸಸ್ ಎಲ್ಲ ಬಂದು ಅವರಿಗಿಂತ ಮೊದಲು ನುಡಿಸಿ ಹೋದರು. ಅವರ ಹಾಡುಗಾರ ಆಝಿ ಸಿಂಹಾಸನದಲ್ಲಿ ಕೂತೇ ಹಾಡಿದ. ಅದೇ ತಿಂಗಳ 22ಕ್ಕೆ ತೀರಿಕೊಂಡ. ಒಂದು ಬ್ಯಾಂಡಿನ ಬೀಳ್ಕೊಡುಗೆಗೆ ಒಂದಿಡೀ ಪ್ರಕಾರ ಸಾಲುಗಟ್ಟಿ ನಿಂತ ಉದಾಹರಣೆ ಇನ್ನೊಂದು ತೋರಿಸು ನೋಡೋಣ.

ಇನ್ನು ನಿನ್ನ ಝೆಪ್ಪೆಲಿನ್. ಜಿಮ್ಮಿ ಪೇಜ್‌ನ ಗಿಟಾರ್, ರಾಬರ್ಟ್ ಪ್ಲಾಂಟ್‌ನ ಕೂಗು ಅಂತ ನೀನು ಶುರು ಮಾಡಿದ ಕೂಡಲೇ ನಿನ್ನ ಕೇಸು ಬೀಳುತ್ತೆ ಕಣೋ, ಯಾಕೆಂದರೆ ಅದರಲ್ಲಿ ಅರ್ಧ ಅವರದ್ದಲ್ಲ. 'ಹೋಲ್ ಲಾಟಾ ಲವ್' ಮೇಲೆ ಕಪ್ಪು ಅಮೆರಿಕನ್ನರ ಸಂಗೀತವಾದ ಬ್ಲೂಸ್‌ನ ಷಿಕಾಗೋ ಗುರು ವಿಲ್ಲಿ ಡಿಕ್ಸನ್ ಅದು ತನ್ನ ಹಾಡಿನ ನಕಲು ಅಂತ 1985ರಲ್ಲಿ ಕೇಸು ಹಾಕಿದ, ಅದು ಕೋರ್ಟಿನ ಹೊರಗೆ ರಾಜಿಯಾಯಿತು, ಈಗ ಅವನ ಹೆಸರೂ ಆ ಹಾಡಿಗೆ ಸೇರಿದೆ. ಇದು ಅವರೊಬ್ಬರದ್ದೇ ಕಥೆಯಲ್ಲ ಅನ್ನು. ಸ್ಟೋನ್ಸ್ ತಮ್ಮ ಹೆಸರನ್ನೇ ಇನ್ನೊಬ್ಬ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್‌ನ ಹಾಡಿನಿಂದ ಎತ್ತಿಕೊಂಡವರು. 1964ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಒಂದು ಹಾಳುಬಿದ್ದ ರೈಲು ನಿಲ್ದಾಣದಲ್ಲಿ ಕಪ್ಪು ಅಮೆರಿಕನ್ ಹಾಡುಗಾರ್ತಿ ಸಿಸ್ಟರ್ ರೊಸೆಟಾ ಥಾರ್ಪ್ ಮಳೆಯಲ್ಲಿ ಕೋಟು ಹಾಕಿಕೊಂಡು ಎಲೆಕ್ಟ್ರಿಕ್ ಗಿಟಾರ್ ಬಾರಿಸಿದ ವಿಡಿಯೋ ಇದೆ, ಹುಡುಕಿ ನೋಡು. ಆಚೆ ಪ್ಲಾಟ್‌ಫಾರ್ಮಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿರುವವರು ಬಿಳಿಯ ಹುಡುಗ ಹುಡುಗಿಯರು. ಪ್ರಭಾವದ ಮಾತು ಬಂದಾಗ ನಮ್ಮ ಪಟ್ಟಿ ಬರೀ ಇಂಗ್ಲೆಂಡಿನ ಹುಡುಗರಿಂದ ಶುರುವಾಗುವುದೇ ನನಗೆ ಸ್ವಲ್ಪ ಕಸಿವಿಸಿ.

ಆದರೆ ಝೆಪ್ಪೆಲಿನ್‌ನದ್ದೇ ಅಂತ ಒಂದಿದೆ: ಜಾನ್ ಬಾನಮ್‌ನ ಡ್ರಮ್. 'ವೆನ್ ದ ಲೆವೀ ಬ್ರೇಕ್ಸ್' ಹಾಡು ಕೂಡ ಮೂಲದಲ್ಲಿ ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದು, 1927ರ ಮಿಸಿಸಿಪ್ಪಿ ಪ್ರವಾಹದ ಮೇಲೆ. ಝೆಪ್ಪೆಲಿನ್ ಅದನ್ನು ರೆಕಾರ್ಡ್ ಮಾಡಿದ್ದು ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯಲ್ಲಿ. ಎಂಜಿನಿಯರ್ ಆ್ಯಂಡಿ ಜಾನ್ಸ್ ಡ್ರಮ್ ಸೆಟ್ಟನ್ನು ಮೆಟ್ಟಿಲುಗಳ ಬುಡದ ಹಜಾರದಲ್ಲಿ ಇಟ್ಟು, ಮೇಲಿನಿಂದ ಎರಡು ಮೈಕು ಇಳಿಬಿಟ್ಟ. ಎಮೆರಿಕ್ ಮೈಕನ್ನು ಡ್ರಮ್ಮಿನ ಮೂಗಿಗೆ ತಂದಿಟ್ಟಿದ್ದನಲ್ಲ, ಇವನದ್ದು ತದ್ವಿರುದ್ಧ: ಇಡೀ ಮನೆಯೇ ಡ್ರಮ್ಮಿನ ಜೊತೆ ಗುಂಯ್‌ಗುಟ್ಟಲಿ ಅಂತ ಬಿಟ್ಟ. 1986ರಲ್ಲಿ ಹಿಪ್‌ಹಾಪ್ ತಂಡ ಬೀಸ್ಟಿ ಬಾಯ್ಸ್ ತಮ್ಮ ಮೊದಲ ಆಲ್ಬಮ್ಮನ್ನು ಆ ಡ್ರಮ್ಮಿನಿಂದಲೇ ಶುರು ಮಾಡಿದರು. 2016ರಲ್ಲಿ ಬಿಯಾನ್ಸೆ ಕೂಡ ಅದನ್ನೇ ಎತ್ತಿಕೊಂಡು ಝೆಪ್ಪೆಲಿನ್‌ನವರ ಹೆಸರನ್ನು ಹಾಡಿನ ಕರ್ತೃಗಳ ಸಾಲಿಗೆ ಸೇರಿಸಿದಳು. ಅಂದರೆ ನಿನ್ನ ಝೆಪ್ಪೆಲಿನ್ ಇವತ್ತಿನ ಪಾಪ್‌ಗೆ ಬಂದಿದ್ದು ರಾಕ್‌ನ ಬಾಗಿಲಿನಿಂದಲ್ಲ, ಹಿಪ್‌ಹಾಪ್‌ನ ಬಾಗಿಲಿನಿಂದ. ನೀನು ದಿನಾ ಬೈಯುವ ಅದೇ ಹಿಪ್‌ಹಾಪ್.

ಕ್ವೀನ್ ಬ್ಯಾಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಪ್ರಾಣ, ಆದರೆ ಅವರ ಹಾಡುಗಾರ ಫ್ರೆಡ್ಡಿಯ ಥರ ಇನ್ನೊಬ್ಬರು ಮಾಡಲು ಆಗದು, ಮಾಡಲು ಆಗದ್ದು ಪ್ರಭಾವವಾಗಿ ಉಳಿಯುವುದು ಕಷ್ಟ. ಅವರಿಂದ ಒಂದು ತಮಾಷೆ ಮಾತ್ರ ಹೇಳಬೇಕು. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್‌ನಲ್ಲಿ ರಾಕ್ ಅಭಿಮಾನಿಗಳು ಡಿಸ್ಕೋ ರೆಕಾರ್ಡುಗಳ ರಾಶಿ ಹಾಕಿ ಸ್ಫೋಟಿಸಿ ಕುಣಿದರು. ಮುಂದಿನ ತಿಂಗಳೇ ಶೀಕ್ ಅನ್ನುವ ಡಿಸ್ಕೋ ತಂಡದ 'ಗುಡ್ ಟೈಮ್ಸ್' ಅಮೆರಿಕದಲ್ಲಿ ನಂಬರ್ ಒನ್. ಬರ್ನಾರ್ಡ್ ಎಡ್ವರ್ಡ್ಸ್‌ನ ಆ ಬೇಸ್ ನಡೆಯನ್ನು ಕೇಳಿಕೊಂಡೇ ಕ್ವೀನ್‌ನ ಜಾನ್ ಡೀಕನ್ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಕಟ್ಟಿದ್ದು, 1980ರಲ್ಲಿ ಅದೂ ನಂಬರ್ ಒನ್. ರಾಕ್‌ನವರು ಕೊಟ್ಟಿದ್ದಕ್ಕಿಂತ ತೆಗೆದುಕೊಂಡಿದ್ದು ಹೆಚ್ಚೇನೋ ಅನ್ನಿಸುವುದು ಇಂಥ ಕಡೆ.

ಮೂರನೇ ಸ್ಥಾನಕ್ಕೆ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್. 1967ರ ಅವರ ಮೊದಲ ಆಲ್ಬಮ್ ಮೊದಮೊದಲು ಮಾರಾಟವೇ ಆಗಲಿಲ್ಲ ಅನ್ನಬಹುದು. ಕೊಂಡವರಲ್ಲಿ ಪ್ರತಿಯೊಬ್ಬರೂ ಒಂದೊಂದು ಬ್ಯಾಂಡು ಶುರು ಮಾಡಿದರು ಅಂತ ಸಂಗೀತಗಾರ ಬ್ರಯನ್ ಈನೋ ಹೇಳಿದ ಮಾತು ನಿನಗೂ ಗೊತ್ತು. ಒಂದು ಚಮಚ ಹೆಪ್ಪು ಸಾಕು, ಕೊಳಗದ ಹಾಲು ಮೊಸರಾಗುತ್ತೆ. ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ ಅವರ ಹಾಡು ಹಾಡಿಕೊಂಡಿದ್ದ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ಬ್ಯಾಂಡಿನವರನ್ನು 1976ರಲ್ಲಿ ಸರ್ಕಾರ ಜೈಲಿಗೆ ಹಾಕಿತು. ಆ ಸಿಟ್ಟಿನಲ್ಲೇ ನಾಟಕಕಾರ ವಾಟ್ಸ್‌ಲಾವ್ ಹಾವೆಲ್ ಮತ್ತಿತರರು ಚಾರ್ಟರ್ 77 ಅನ್ನುವ ಮಾನವ ಹಕ್ಕುಗಳ ಹೇಳಿಕೆ ಬರೆದರು. 1989ರ ಕೊನೆಗೆ ಹಾವೆಲ್ ದೇಶದ ಅಧ್ಯಕ್ಷರಾದರು, ಮರುವರ್ಷ ವೆಲ್ವೆಟ್‌ನ ಹಾಡುಗಾರ ಲೂ ರೀಡ್ ಪ್ರಾಗ್‌ಗೆ ಹೋಗಿ ಅವರ ಸಂದರ್ಶನ ಮಾಡಿದ. ಸಂಗೀತದಾಚೆಗೂ ಇಷ್ಟು ದೂರ ಹೋದ ಬ್ಯಾಂಡನ್ನು ಬರೀ ಮಾರಾಟದ ಪಟ್ಟಿ ನೋಡಿ ಕೈಬಿಡೋಕೆ ನನಗೆ ಮನಸ್ಸಿಲ್ಲ.

ಪಿಂಕ್ ಫ್ಲಾಯ್ಡ್ ಎಲ್ಲಿ ಅಂತ ಕೇಳಬೇಡ. ಇಬ್ಬರೂ ಅವರ ಭಕ್ತರೇ, ಭಕ್ತರ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಮುಂದಿನ ಸಲ ಝೆಪ್ಪೆಲಿನ್ ಅಂತ ಮೇಜು ಕುಟ್ಟುವುದಿದ್ದರೆ ಬಾನಮ್ ಹೆಸರು ಹೇಳಿ ಕುಟ್ಟು. ಆಗ ನಾಲ್ಕನೇ ಸ್ಥಾನ ಕೊಡುವ ಬಗ್ಗೆ ಯೋಚನೆ ಮಾಡುತ್ತೇನೆ.

ನಿನ್ನ
ಹಳೇ ಜಗಳಗಂಟ

ತಾ.ಕ.: ಡೀಪ್ ಪರ್ಪಲ್ ಮರೆತೆ ಅಂತ ಹಾರಾಡಬೇಡ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋದ ಕ್ಯಾಸಿನೋ ಹೊತ್ತಿ ಉರಿದದ್ದನ್ನು ಕಂಡು ಅವರು ಕಟ್ಟಿದ 'ಸ್ಮೋಕ್ ಆನ್ ದ ವಾಟರ್' ಹಾಡಿನ ಆ ರಿಫ್ ಬಾರಿಸದೆ ಗಿಟಾರ್ ಕಲಿತವನು ಯಾರಿದ್ದಾನೆ? ಪ್ರಭಾವವನ್ನು ಗಿಟಾರ್ ಅಂಗಡಿಯೊಳಗೆ ನಿಂತು ಅಳೆಯುವುದಾದರೆ ಅವರೇ ಮೊದಲು, ಅಂಗಡಿಯವನೇ ಬೇಕಾದರೆ ಕಿವಿ ಮುಚ್ಚಿಕೊಂಡು ಸಾಕ್ಷಿ ಹೇಳುತ್ತಾನೆ.