ಐಸಿಯು ರೋಗಿಗೆ ಫಿಸಿಯೋಥೆರಪಿ: ಹೊತ್ತು ಮುಖ್ಯ

ಮಾನ್ಯ ಸಂಪಾದಕರೇ,

ಜಿಲ್ಲಾ ಆಸ್ಪತ್ರೆಗೆ ಇಷ್ಟು ಐಸಿಯು ಹಾಸಿಗೆ, ಇಷ್ಟು ವೆಂಟಿಲೇಟರ್ ಬಂದವು ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ವೆಂಟಿಲೇಟರ್ ತೆಗೆದ ಮೇಲೆ ರೋಗಿ ಕೈಯಾರೆ ಉಣ್ಣುತ್ತಾನೆಯೇ, ಎದ್ದು ಬಚ್ಚಲಿಗೆ ಹೋಗುತ್ತಾನೆಯೇ ಎಂದು ಕೇಳುವವರು ಕಡಿಮೆ.

ಬ್ರಿಟನ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಿದ್ದರು. ಹತ್ತೇ ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಶೇ 18ರ ಆಸುಪಾಸು ಇಳಿದಿತ್ತು. ಹಲವು ಅಂಗಗಳು ಒಟ್ಟಿಗೆ ಕೈಕೊಟ್ಟವರಲ್ಲಿ ನಷ್ಟ ಇನ್ನೂ ಹೆಚ್ಚು. ಇದು ಬರೀ ಮಲಗಿದ್ದರಿಂದ ಆಗುವುದಲ್ಲ. ರಕ್ತಕ್ಕೆ ಹರಡಿದ ನಂಜು, ಏರಿದ ಸಕ್ಕರೆ, ಆಳವಾದ ಸೆಡೇಷನ್ (ಔಷಧ ಕೊಟ್ಟು ಮಂಪರಿನಲ್ಲಿಡುವುದು) ಎಲ್ಲವೂ ಸೇರಿ ಸ್ನಾಯುವನ್ನೂ ನರವನ್ನೂ ಹಾಳುಮಾಡುತ್ತವೆ.

ಬಹಳ ಕಡೆ ಫಿಸಿಯೋಥೆರಪಿ ಎಂದರೆ ಮಧ್ಯಾಹ್ನ ಒಬ್ಬರು ಬಂದು, ಮಂಪರಿನಲ್ಲಿರುವ ರೋಗಿಯ ಕೈಕಾಲು ಹತ್ತು ಸಲ ಮಡಚಿ ಬಿಡಿಸಿ ಹೋಗುವುದು. ಇದರಿಂದ ಕೀಲು ಬಿಗಿಯದಂತೆ ನೋಡಿಕೊಳ್ಳಬಹುದು, ಆದರೆ ಸ್ನಾಯುವಿಗೆ ಬಲ ಬರುವುದಿಲ್ಲ. ರೋಗಿ ತಾನೇ ಪ್ರಯತ್ನಪಟ್ಟರಷ್ಟೇ ಬಲ. ಅದಕ್ಕೆ ಎಚ್ಚರ ಬೇಕು. ಹೀಗಾಗಿ ಬೆಳಿಗ್ಗೆ ಸೆಡೇಷನ್ ನಿಲ್ಲಿಸುವ ಹೊತ್ತಿಗೇ ಫಿಸಿಯೋಥೆರಪಿಸ್ಟ್ ಹಾಸಿಗೆಯ ಪಕ್ಕದಲ್ಲಿರಬೇಕೆಂಬುದು ನಮ್ಮ ವಾದ. ಅಮೆರಿಕದ ಎರಡು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಹೀಗೆಯೇ ಮಾಡಿದ 2009ರ ಪ್ರಯೋಗದಲ್ಲಿ 104 ರೋಗಿಗಳಿದ್ದರು. ವ್ಯಾಯಾಮ ಬೇಗ ಶುರುವಾದವರಲ್ಲಿ ಶೇ 59ರಷ್ಟು ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಉಳಿದ ಗುಂಪಿನಲ್ಲಿ ಶೇ 35. ಐಸಿಯುವಿನಲ್ಲಿ ಕಾಡುವ ಭ್ರಮೆ, ಗೊಂದಲದ ದಿನಗಳೂ ಅರ್ಧಕ್ಕಿಳಿದವು.

ಕಣ್ಣು ತೆರೆದು ಮುಚ್ಚಿ, ನನ್ನ ಕಡೆ ನೋಡಿ, ನಾಲಿಗೆ ಹೊರಚಾಚಿ, ತಲೆಯಾಡಿಸಿ, ಹುಬ್ಬೇರಿಸಿ: ಈ ಐದು ಮಾತನ್ನು ರೋಗಿ ಪಾಲಿಸಿದರೆ ಬಲ ಅಳೆಯಬಹುದು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ, ಎರಡೂ ಬದಿ, ಒಂದೊಂದರ ಬಲಕ್ಕೆ ಗರಿಷ್ಠ 5 ಅಂಕ. ಒಟ್ಟು 60ರಲ್ಲಿ 48ಕ್ಕಿಂತ ಕಡಿಮೆ ಬಂದರೆ ಐಸಿಯು ದೌರ್ಬಲ್ಯ ಎಂದೇ ಲೆಕ್ಕ. ಖರ್ಚಿಲ್ಲದ ಈ ಪರೀಕ್ಷೆಗೂ ಕೇಸ್ ಶೀಟಿನಲ್ಲಿ ಜಾಗವಿರುವುದಿಲ್ಲ.

ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಹಾಸಿಗೆಯ ಅಂಚಿಗೆ ಕೂರಿಸಲು ಕನಿಷ್ಠ ಮೂವರು ಬೇಕು. ಒಬ್ಬರ ಕೈ ಬಾಯಿಯ ಟ್ಯೂಬ್ ಬಿಟ್ಟು ಕದಲಬಾರದು, ಇನ್ನೊಬ್ಬರು ಬೆನ್ನಿಗಿರಬೇಕು, ಮೂರನೆಯವರ ಕಣ್ಣು ಮಾನಿಟರ್ ಮೇಲಿರಬೇಕು. ಹೊರಳಿಸುವ ಮೊದಲೇ ವೆಂಟಿಲೇಟರನ್ನು ರೋಗಿ ತಿರುಗುವ ಬದಿಗೆ ತಂದು, ಡ್ರಿಪ್ ಕೊಳವೆ ಸಡಿಲ ಬಿಟ್ಟು, ಯೂರಿನ್ ಬ್ಯಾಗನ್ನೂ ಅದೇ ಬದಿಗೆ ಕೆಳಗೆ ಕಟ್ಟಬೇಕು. ಅವಘಡಗಳು ಹೆಚ್ಚಾಗಿ ಇಲ್ಲೇ: ಎದುರು ಬದಿಯ ಕಂಬಿಗೆ ಸಿಕ್ಕಿಕೊಂಡ ಕ್ಯಾತಿಟರ್ (ಮೂತ್ರದ ಕೊಳವೆ), ಮರೆತುಹೋದ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ). ಕೂತ ಕೂಡಲೇ ಬಿಪಿ ಇಳಿಯುವುದೂ ಉಂಟು. ಆದ್ದರಿಂದ ಮೊದಲು ತಲೆಭಾಗ ಏರಿಸಿ ಕೆಲವು ನಿಮಿಷ ನೋಡಿ, ಆಮೇಲೆ ಕಾಲು ಇಳಿಬಿಡಬೇಕು. ಸರಾಸರಿ ರಕ್ತದೊತ್ತಡ 65ಕ್ಕಿಂತ, ರಕ್ತದ ಆಮ್ಲಜನಕ ಶೇ 88ಕ್ಕಿಂತ ಕೆಳಗಿಳಿದರೆ, ನಾಡಿ 130 ದಾಟಿದರೆ ಅಲ್ಲಿಗೇ ನಿಲ್ಲಿಸಿ ಮಲಗಿಸಬೇಕು. ಕೂತದ್ದು ಒಗ್ಗಿದ ಮೇಲೆ ನಿಲ್ಲುವುದು, ನಿಂತಲ್ಲೇ ಹೆಜ್ಜೆ ಎತ್ತಿಡುವುದು, ಕುರ್ಚಿ, ನಡಿಗೆ.

ಎಚ್ಚರಗೊಳ್ಳಲಾಗದವರ ಪಾದ ನೆಟ್ಟಗಿರುವಂತೆ ಆಧಾರ ಕೊಡಿ. ಕಾಲು ಹೊರಕ್ಕೆ ವಾಲಿ ಮಂಡಿಯ ಪಕ್ಕದ ನರ ಒತ್ತಿಹೋದರೆ ಮುಂದೆ ಪಾದವೇ ಮೇಲೇಳುವುದಿಲ್ಲ. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದವರಲ್ಲಿ, ಫಿಟ್ಸ್ ಹತೋಟಿಗೆ ಬಾರದವರಲ್ಲಿ ಸೆಡೇಷನ್ ನಿಲ್ಲಿಸುವ ಮಾತೇ ಬೇಡ.

ಹಾಗೆಂದು ಹೆಚ್ಚು ಮಾಡಿದಷ್ಟೂ ಒಳ್ಳೆಯದೇನಲ್ಲ. ಆಸ್ಟ್ರೇಲಿಯಾದ ತಂಡದ ಮುಂದಾಳತ್ವದಲ್ಲಿ 750 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಸುಮಾರು 21 ನಿಮಿಷದ ವ್ಯಾಯಾಮವು 9 ನಿಮಿಷದ್ದಕ್ಕಿಂತ ಹೆಚ್ಚು ಫಲ ಕೊಡಲಿಲ್ಲ. ನಾಡಿ, ಬಿಪಿ, ಆಮ್ಲಜನಕದ ಏರುಪೇರು ಮಾತ್ರ ಇಮ್ಮಡಿಯಾಯಿತು. ಇದನ್ನೇ ಹಿಡಿದು 'ಬೇಗ ಎಬ್ಬಿಸುವುದು ವ್ಯರ್ಥ' ಎನ್ನುವವರಿದ್ದಾರೆ. ಆ 9 ನಿಮಿಷವೂ ನಮ್ಮ ಎಷ್ಟೋ ಐಸಿಯುಗಳಲ್ಲಿ ರೋಗಿಗೆ ಸಿಗುತ್ತಿಲ್ಲ ಎಂಬುದನ್ನು ಅವರು ಗಮನಿಸಬೇಕು.

'ಪಾಪ, ಮಲಗಲಿ ಬಿಡಿ, ಯಾಕೆ ತೊಂದರೆ ಕೊಡ್ತೀರಿ' ಎನ್ನುವ ಮನೆಯವರಲ್ಲೂ ಒಂದು ವಿನಂತಿ: ರೋಗಿಯ ಕನ್ನಡಕ, ಶ್ರವಣಯಂತ್ರ ಮನೆಯಲ್ಲೇ ಉಳಿದಿದ್ದರೆ ತಂದುಕೊಡಿ. ಕಣ್ಣು ಕಾಣದೆ, ಕಿವಿ ಕೇಳದೆ ಮಲಗಿದವರಿಂದ ವ್ಯಾಯಾಮ ಮಾಡಿಸುವುದು ಕಷ್ಟ.

ಆರೋಗ್ಯ ಇಲಾಖೆ ಐಸಿಯು ಫಿಸಿಯೋಥೆರಪಿಸ್ಟ್‌ಗಳ ಪಾಳಿಯನ್ನು ಬೆಳಗಿನ ರೌಂಡ್ಸ್‌ಗೆ ಹೊಂದಿಸಲಿ, ರಜಾದಿನಗಳಲ್ಲೂ ಒಬ್ಬರಿರಲಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಆ 60ರ ಅಂಕವನ್ನೂ, ರೋಗಿ ಎಷ್ಟು ಹೆಜ್ಜೆ ನಡೆಯಬಲ್ಲ ಎಂಬುದನ್ನೂ ಬರೆದುಕೊಟ್ಟರೆ, ತಾಲ್ಲೂಕು ಆಸ್ಪತ್ರೆಯವರು ಚಿಕಿತ್ಸೆಯನ್ನು ಅಲ್ಲಿಂದಲೇ ಮುಂದುವರಿಸಬಹುದು.

ಇತಿ,
ಐಸಿಯು ಫಿಸಿಯೋಥೆರಪಿಸ್ಟ್‌ಗಳು, ಹುಬ್ಬಳ್ಳಿ