ಶಾಸಕರೇ, ನಮ್ಮ ಏರಿಯಾದ ಸರ್ಕಾರಿ ನಮ್ಮ ಕ್ಲಿನಿಕ್‌ಗೊಬ್ರು ಮಕ್ಕಳ ಫಿಸಿಯೋ ಕೊಡಿಸಿ

ನಮಸ್ಕಾರ ಸರ್,

ಚರಂಡಿ, ರಸ್ತೆ ಗುಂಡಿ ಬಗ್ಗೆ ನಿಮಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ನಂದು ಬೇರೆ ವಿಷ್ಯ. ನನ್ನ ಮಗಳಿಗೆ ನಾಲ್ಕು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದ್ರೆ ಮೆದುಳಿಗೆ ಪೆಟ್ಟಾಗಿ ಮೈ ಕೈಕಾಲು ಸರಿಯಾಗಿ ಹಿಡಿತಕ್ಕೆ ಸಿಗದಿರೋ ತೊಂದರೆ. ವಾಕರ್ ಹಿಡ್ಕೊಂಡು ತುದಿಗಾಲಲ್ಲಿ ನಡೀತಾಳೆ, ಕೈ ಬಿಟ್ರೆ ಬ್ಯಾಲೆನ್ಸ್ ಸಿಗಲ್ಲ.

"ಇದು ವಾಸಿ ಆಗಲ್ವಲ್ಲಮ್ಮ, ಮತ್ಯಾಕೆ ಫಿಸಿಯೋ" ಅಂತ ತುಂಬಾ ಜನ ಕೇಳ್ತಾರೆ. ಮೆದುಳಿಗೆ ಆಗಿರೋ ಪೆಟ್ಟು ಹೋಗಲ್ಲ ನಿಜ, ಹೆಚ್ಚಾಗೋದೂ ಇಲ್ಲ. ಆದ್ರೆ ಮಗು ಬೆಳೀತಾ ಬೆಳೀತಾ ಕಾಲಿನ ಮೂಳೆ ಉದ್ದ ಆಗತ್ತೆ, ಮೊದಲೇ ಬಿಗಿಯಾಗಿರೋ ಮೀನಖಂಡ ಅದಕ್ಕೆ ತಕ್ಕಂಗೆ ಬೆಳೆಯಲ್ಲ, ಹಿಮ್ಮಡಿ ನೆಲ ಮುಟ್ಟೋದೇ ಕಷ್ಟ ಆಗ್ತಾ ಹೋಗತ್ತೆ, ಅದಕ್ಕೇ ಕಾಲಿಗೆ ಪಾದನ ಸರಿಯಾಗಿ ಹಿಡಿದಿಡೋ ಸ್ಪ್ಲಿಂಟ್ ಹಾಕೋದು, ಕಾಲು ಬೆಳೆದಂಗೆ ಅದನ್ನೂ ಬದಲಾಯಿಸ್ತಿರಬೇಕು. ಇನ್ನು ಫಿಸಿಯೋ ಅಂದ್ರೆ ಯಾರೋ ಕಾಲು ಹಿಡಿದು ಎಳೆದು ಕಳಿಸೋದಲ್ಲ ಸರ್. ಮಗು ತಾನೇ ಮಾಡ್ಬೇಕು. ಪುಟ್ಟ ಸ್ಟೂಲಿಂದ ಎದ್ದು ಕೂರೋದು, ನಿಂತ್ಕೊಂಡೇ ಪಕ್ಕದಲ್ಲಿರೋ ಚೆಂಡಿಗೆ ಕೈ ಚಾಚೋದು, ಗೋಡೆ ಹಿಡ್ಕೊಂಡು ಅಡ್ಡಡ್ಡ ಹೆಜ್ಜೆ ಹಾಕೋದು, ಮೆಟ್ಟಿಲು ಹತ್ತೋದು, ವಾಲಿದಾಗ ಬೀಳದೆ ಮೈ ಸರಿಮಾಡ್ಕೊಳೋದು. ಇದನ್ನ ದಿನಾ ಮನೇಲಿ ನಾವೇ ಮಾಡಿಸ್ತೀವಿ, ಆದ್ರೆ ಮುಂದೇನು ಹೆಚ್ಚಿಸ್ಬೇಕು, ಎಲ್ಲಿ ತಪ್ಪು ರೂಢಿ ಬೀಳ್ತಿದೆ ಅಂತ ನೋಡಿ ಹೇಳೋಕೆ ಕಲಿತವರು ಬೇಕಲ್ವಾ, ಅದೂ ವಾರಕ್ಕೆರಡು ಸಲನಾದ್ರೂ.

ಕಾಯೋಕೆ ಟೈಮೂ ಇಲ್ಲ. ಈ ಮಕ್ಕಳು ಕೂರೋದು ನಿಲ್ಲೋದು ನಡಿಯೋದ್ರಲ್ಲಿ ಎಷ್ಟು ಕಲೀಬಹುದೋ ಅದರಲ್ಲಿ ಸುಮಾರು 90% ಐದು ವರ್ಷದ ಹೊತ್ತಿಗೇ ಕಲಿತಿರ್ತಾರೆ ಅಂತ ಸಂಶೋಧನೆಗಳೇ ಹೇಳ್ತವೆ.

ಬೆಂಗಳೂರಲ್ಲಿ ಸೌಲಭ್ಯ ಇಲ್ಲ ಅಂತಲ್ಲ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ನಿಮ್ಹಾನ್ಸ್ ಇದೆ, ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಇದೆ. ಎಲ್ಲಾ ಊರಿನ ಆ ಕಡೆ. ಶಕ್ತಿ ಯೋಜನೆಯಿಂದ ನನಗೆ ಬಸ್ ಟಿಕೆಟ್ ಖರ್ಚಿಲ್ಲ, ಅದಕ್ಕೆ ಥ್ಯಾಂಕ್ಸ್, ಆದ್ರೆ ಒಂದು ಕೈಲಿ ಮಗು ಇನ್ನೊಂದು ಕೈಲಿ ವಾಕರ್ ಹಿಡ್ಕೊಂಡು ಮೆಜೆಸ್ಟಿಕ್ಕಲ್ಲಿ ಬಸ್ ಬದಲಾಯಿಸಿ ನೋಡಿ ಒಂದ್ಸಲ. ತಲುಪೋಷ್ಟರಲ್ಲಿ ಮಗು ಸುಸ್ತಾಗಿ ಅಳ್ತಿರತ್ತೆ, ಆಮೇಲೆ ಏನ್ ಎಕ್ಸರ್‌ಸೈಜ್ ಮಾಡತ್ತೆ? ಪ್ರೈವೇಟ್ ಹತ್ರದಲ್ಲೇ ಇದೆ, ಫೀಸ್ ನಮ್ಮ ಕೈಗೆಟುಕಲ್ಲ. ಇಂಥ ಮಕ್ಕಳಿಗಿರೋ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೂ ಸಿಗತ್ತೆ, ಥೆರಪಿನೂ ಸೇರತ್ತೆ, ಆದ್ರೆ ಮೊದ್ಲು ನಾವು ಕಟ್ಟಿ ಆಮೇಲೆ ಬಿಲ್ ಕಳಿಸ್ಬೇಕು. ಆ ಮೊದಲ ದುಡ್ಡು ಎಲ್ಲಿಂದ ತರೋದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 25ನೇ ಸೆಕ್ಷನ್ ಓದಿಸ್ಕೊಳ್ಳಿ ಸರ್, ಆದಾಯ ಮಿತಿಯೊಳಗಿರೋರಿಗೆ ಉಚಿತ ಆರೋಗ್ಯ ಸೇವೆ ಹತ್ತಿರದಲ್ಲೇ ಸಿಗಬೇಕು ಅಂತ ಇದೆ. ಹತ್ತಿರ ಅಂದ್ರೆ ನಮಗೆ ನಮ್ಮ ಕ್ಲಿನಿಕ್. ಅಲ್ಲಿಗೆ ವಾರದಲ್ಲಿ ಎರಡು ದಿನ ಮಕ್ಕಳ ಫಿಸಿಯೋ ಒಬ್ರನ್ನ ಹಾಕಿಸಿ. ದೊಡ್ಡ ಮೆಷಿನ್ ಬೇಡ, ಮ್ಯಾಟ್, ಸ್ಟೂಲು, ಹಿಡ್ಕೊಂಡು ನಡಿಯೋಕೆ ಎರಡು ಕಂಬಿ ಸಾಕು. ಒಬ್ರೇ ಸರದಿ ಮೇಲೆ ಎರಡು ಮೂರು ಕ್ಲಿನಿಕ್ ನೋಡ್ಕೊಂಡ್ರೂ ಆಗತ್ತೆ. ಆಶಾ ಅವರನ್ನ ಕೇಳಿದ್ರೆ ಇಂಥ ಮಕ್ಕಳು ಯಾವ್ಯಾವ ಮನೇಲಿದಾರೆ ಅಂತ ಪಟ್ಟಿನೂ ಸಿಗತ್ತೆ.

ಇನ್ನೊಂದು ಚಿಕ್ಕ ವಿಷ್ಯ. ನಮ್ಮ ಪಾರ್ಕಿಗೆ ನೀವು ಜಿಮ್ ಸಾಮಾನು ಹಾಕ್ಸಿದೀರ, ನಿಮ್ಮ ಫೋಟೋ ಬೋರ್ಡೂ ಚೆನ್ನಾಗಿದೆ, ಆದ್ರೆ ಬೈಕ್ ನುಗ್ಗದೇ ಇರ್ಲಿ ಅಂತ ಗೇಟಿಗಿಟ್ಟಿರೋ ಕಂಬಿ ಸಂದೀಲಿ ಮಗಳ ವಾಕರ್ ಹೋಗಲ್ಲ. ಫಿಸಿಯೋ ಪೋಸ್ಟಿಗೆ ಫೈಲು ಓಡಾಡ್ಬೇಕು, ಗೊತ್ತು. ಗೇಟಿಗೆ ಒಬ್ಬ ವೆಲ್ಡರ್ ಸಾಕು, ಅದನ್ನ ಈ ವಾರಾನೇ ಮಾಡಿಸಬಹುದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬಳು ತಾಯಿ