ಗಾಯದ ಲೋಳೆಗೆ ಗಿಡದಲ್ಲಿ ಮದ್ದು

ಮಾನ್ಯ ಸಂಪಾದಕರೇ,

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಗಾಯ ನಾಲ್ಕು ತಿಂಗಳಾದರೂ ಮಾಯಲಿಲ್ಲ. ಪಟ್ಟಿ ಬಿಚ್ಚಿದಾಗಲೆಲ್ಲ ಗಾಯದ ಮೇಲೆ ತೆಳ್ಳಗೆ ಹೊಳೆಯುವ ಲೋಳೆ. ಒರೆಸಿದರೆ ಹೋಗುತ್ತಿತ್ತು, ಎರಡೇ ದಿನಕ್ಕೆ ಮತ್ತೆ ಬರುತ್ತಿತ್ತು. ಇದು ಬಯೋಫಿಲ್ಮ್ ಎಂದರು ಡಾಕ್ಟರು. ಬ್ಯಾಕ್ಟೀರಿಯಾಗಳು ತಾವೇ ಅಂಟು ಸುರಿಸಿಕೊಂಡು ಅದರೊಳಗೆ ಗುಂಪಾಗಿ ಕೂತುಬಿಡುತ್ತವೆ. ಅಲ್ಲಿ ಆಂಟಿಬಯೋಟಿಕ್ ಆಟ ಜಾಸ್ತಿ ನಡೆಯುವುದಿಲ್ಲ. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಇದೇ ಬಗೆಯದು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಸ್ಯ ವಿಜ್ಞಾನಿ ಕಸಾಂಡ್ರಾ ಕ್ವೇವ್ ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಓಡಾಡಿ, ಚರ್ಮದ ತೊಂದರೆಗೆ ಯಾವ ಗಿಡ ಬಳಸುತ್ತೀರಿ ಎಂದು ಅಲ್ಲಿನ ಜನರನ್ನು ಕೇಳಿ ಬರೆದುಕೊಂಡರು. ಕಾಡು ಬ್ಲ್ಯಾಕ್‌ಬೆರಿ ಬೇರಿನ ಸಾರ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಟುವುದನ್ನು ತಡೆಯುತ್ತದೆ ಎಂದು ಅವರ ತಂಡ ಪ್ರಯೋಗಾಲಯದಲ್ಲಿ ತೋರಿಸಿತು. 2015ರಲ್ಲಿ ಪ್ರಕಟಿಸಿದ ಚೆಸ್ಟ್‌ನಟ್ ಮರದ ಎಲೆಯ ಸಾರದ ಮೇಲಿನ ಕೆಲಸ ನನಗೆ ಇನ್ನೂ ಇಷ್ಟವಾಯಿತು. ಆ ಸಾರ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ. ಅವು ಒಂದಕ್ಕೊಂದು ಕಳಿಸುವ ಸಂದೇಶವನ್ನೇ ಕೆಡಿಸಿ, ವಿಷ ಉಗುಳದಂತೆ ಮಾಡುತ್ತದೆ.

ನಮ್ಮ ಮಲೆನಾಡಿನ ನಾಟಿ ವೈದ್ಯರ ಬಳಿಯೂ ಇಂಥ ತಿಳಿವಳಿಕೆ ಇದೆ ಅಲ್ವಾ? ಅವರಿಗೆಲ್ಲ ವಯಸ್ಸಾಗುತ್ತಿದೆ. ನಮ್ಮ ವಿಶ್ವವಿದ್ಯಾಲಯಗಳು ಸಸ್ಯಶಾಸ್ತ್ರದ ಮಕ್ಕಳನ್ನು ಈಗಲೇ ಅವರ ಬಳಿ ಕಳಿಸಲಿ. ಕೇಳಿ ಬರೆದುಕೊಂಡದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸಲಿ. ಅದು ಮುಗಿಯುವ ತನಕ ಯಾರೂ ಸುಮ್ನೆ ಸೊಪ್ಪು ಅರೆದು ಸಕ್ಕರೆ ಕಾಯಿಲೆಯ ಗಾಯಕ್ಕೆ ಮೆತ್ತಬೇಡಿ. ನಾವು ಹಾಗೆ ಮಾಡಿ ಹದಿನೈದು ದಿನ ಕಳೆದುಕೊಂಡೆವು.

– ಓದುಗ, ತೀರ್ಥಹಳ್ಳಿ